ಹೊಸ ಇಂಡೀ (ದೊಡ್ಡ ಸಂಗೀತ ಕಂಪನಿಗಳ ಹೊರಗೆ ಬೆಳೆದ ಸಂಗೀತ) ಆಲ್ಬಂ ಸೂಚಿಸಿದರೂ ಗೆಳೆಯರು ಪೂರ್ತಿ ಕೇಳುವುದಿಲ್ಲ, ಏನು ಮಾಡಬೇಕು?

ಹತ್ತು ಲಿಂಕ್ ಒಟ್ಟಿಗೆ ಕಳಿಸಿದರೆ ಒಂದನ್ನೂ ಯಾರೂ ತೆರೆಯುವುದಿಲ್ಲ. ಒಂದೇ ಆಲ್ಬಂ ಕೊಡಿ, ಜೊತೆಗೆ ಒಟ್ಟು ಅವಧಿ ಮತ್ತು ಮೊದಲು ಕೇಳಬೇಕಾದ ಒಂದು ಹಾಡನ್ನು ಹೇಳಿ.

"ಅದ್ಭುತವಾಗಿದೆ" ಅಂದರೆ ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಕಿವಿಗೆ ಏನು ಸಿಗುತ್ತದೆ ಅನ್ನುವುದನ್ನು ಬರೆಯಿರಿ. ಉದಾಹರಣೆಗೆ, ಕೆನಡಾದ ಆಲ್ವೇಸ್ ತಂಡದ 'ಬ್ಲೂ ರೆವ್' (2022): 14 ಹಾಡು, 40 ನಿಮಿಷಕ್ಕೂ ಕಡಿಮೆ. ಇಂಡೀಗೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಕಡಿಮೆ. 'ಬೆಲಿಂಡಾ ಸೇಸ್' ಹಾಡಿನಿಂದ ಶುರುಮಾಡಿಸಿ. ಕೊನೆಯ ಹೊತ್ತಿಗೆ ಶ್ರುತಿ ಥಟ್ಟನೆ ಮೇಲಕ್ಕೇರುತ್ತದೆ, ಅಲ್ಲಿ ಮೈ ಜುಮ್ಮೆನ್ನುತ್ತದೆ. ಈ ಆಲ್ಬಂನಲ್ಲಿ ದನಿ ಗಿಟಾರ್‌ಗಳ ಒಳಗೆ ಹುದುಗಿದೆ. ಫೋನ್ ಸ್ಪೀಕರ್‌ನಲ್ಲಿ ಅದು ಬರೀ ಗಲಾಟೆಯಂತೆ ಕೇಳಿ, ಎರಡನೇ ಹಾಡಿಗೇ ಬಿಟ್ಟುಬಿಡುತ್ತಾರೆ. ಹೆಡ್‌ಫೋನ್ ಹಾಕಿಕೊಳ್ಳಿ ಅಂತ ಮೊದಲೇ ಹೇಳಿ. ಶಫಲ್ ಮತ್ತು ಕ್ರಾಸ್‌ಫೇಡ್ ಎರಡೂ ಆಫ್ ಇರಲಿ, ಇಲ್ಲದಿದ್ದರೆ ಹಾಡುಗಳ ಕ್ರಮ ಕೆಡುತ್ತದೆ, ತುದಿಗಳು ಒಂದರ ಮೇಲೊಂದು ಬೀಳುತ್ತವೆ.

ಬಿಗ್ ಥೀಫ್ ತಂಡದ 2022ರ ಡಬಲ್ ಆಲ್ಬಂನಲ್ಲಿ 20 ಹಾಡುಗಳಿವೆ, ನಾಲ್ಕು ಬೇರೆ ಬೇರೆ ಊರುಗಳಲ್ಲಿ ರೆಕಾರ್ಡ್ ಆದವು. ನಿಜಕ್ಕೂ ಶ್ರೀಮಂತ ಸಂಗೀತ, ಆದರೆ ಮೊದಲ ಸೂಚನೆಯಾಗಿ ಬೇಡ. ನಾಲ್ಕು ಹಾಡು ಆರಿಸಿ ಕೊಡಿ, ಹಿಡಿಸಿದರೆ ಉಳಿದದ್ದನ್ನು ಅವರೇ ಹುಡುಕುತ್ತಾರೆ.

ವಾರದ ನಂತರ "ಇಷ್ಟ ಆಯ್ತಾ?" ಅನ್ನಬೇಡಿ. "ಯಾವ ಹಾಡನ್ನು ಮತ್ತೆ ಹಾಕಿದಿರಿ?" ಅಂತ ಕೇಳಿ. ಮುಂದಿನ ಆಲ್ಬಂ ಯಾವುದು ಅನ್ನುವುದು ಆ ಉತ್ತರದಲ್ಲೇ ಸಿಗುತ್ತದೆ: ರಾಗ ಹಿಡಿಸಿತ್ತಾದರೆ ಪಾಪ್ ಕಡೆಗೆ, ಗಿಟಾರ್ ಸದ್ದು ಹಿಡಿಸಿತ್ತಾದರೆ ಶೂಗೇಜ್ (ದಟ್ಟ ಗಿಟಾರ್ ಸದ್ದಿನಲ್ಲಿ ದನಿ ಮುಳುಗಿರುವ ರಾಕ್ ಶೈಲಿ) ಕಡೆಗೆ.