ಇಷ್ಟು ಸವೆದರೂ ಬೆಟ್ಟಗಳು ಯಾಕೆ ಮುಗಿದಿಲ್ಲ?

ಪ್ರಿಯ ಓದುಗರೇ,

ನದಿಗಳ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಕೇಳಿದ್ದೀರಿ: ಮಳೆ, ನದಿ, ಹಿಮ ಸೇರಿಕೊಂಡು ಕೋಟಿಗಟ್ಟಲೆ ವರ್ಷದಿಂದ ಬೆಟ್ಟಗಳನ್ನು ಕೊರೆಯುತ್ತಿದ್ದರೆ ಭೂಮಿ ಇಷ್ಟೊತ್ತಿಗೆ ಸಪಾಟಾಗಬೇಕಿತ್ತಲ್ವಾ? ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ?

ಬರೀ ಸವೆತವೇ ಇದ್ದಿದ್ದರೆ ಖಂಡಿತ ಸಪಾಟಾಗುತ್ತಿತ್ತು. ಆದರೆ ಕೆಳಗಿನಿಂದ ಎತ್ತುವ ಕೆಲಸವೂ ನಿಂತಿಲ್ಲ. ಭಾರತವನ್ನು ಹೊತ್ತ ಭೂಫಲಕ (ಭೂಮಿಯ ಗಟ್ಟಿ ಹೊರಮೈಯ ಒಂದು ದೊಡ್ಡ ತುಂಡು) ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು, ಇವತ್ತಿಗೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಉತ್ತರಕ್ಕೆ ಒತ್ತುತ್ತಾ ಹಿಮಾಲಯವನ್ನು ಎತ್ತುತ್ತಲೇ ಇದೆ. ಎವರೆಸ್ಟಿನ ತುದಿಯಲ್ಲಿರುವುದು ಸುಣ್ಣಕಲ್ಲು. ಅದರೊಳಗೆ ಕಡಲಜೀವಿಗಳ ಚೂರುಗಳಿವೆ. ಈಗ 8,849 ಮೀಟರ್ ಎತ್ತರದಲ್ಲಿರುವ ಆ ಕಲ್ಲು ಹುಟ್ಟಿದ್ದು ಸಮುದ್ರದ ತಳದಲ್ಲಿ!

ಇದಕ್ಕಿಂತ ಮಜಾ ಇರುವುದು ಮುಂದೆ. ಭೂಮಿಯ ಹೊರಪದರ ತನಗಿಂತ ಭಾರವಾದ ಕೆಳಪದರದ ಮೇಲೆ ಸರಕು ತುಂಬಿದ ದೋಣಿಯ ಹಾಗೆ ತೇಲುತ್ತಿದೆ. ಸರಕು ಇಳಿಸಿದರೆ ದೋಣಿ ಮೇಲೆ ಬರುತ್ತದೆ, ಬೆಟ್ಟವೂ ಹಾಗೇ. ಒಂದು ಪ್ರದೇಶದಲ್ಲಿ ಸರಾಸರಿ 1 ಕಿಲೋಮೀಟರ್ ದಪ್ಪದ ಕಲ್ಲು ಸವೆದುಹೋದರೆ ಅದರಲ್ಲಿ ಸುಮಾರು 800 ಮೀಟರಿನಷ್ಟನ್ನು ನೆಲ ಕೆಳಗಿನಿಂದ ಎದ್ದು ತುಂಬಿಕೊಡುತ್ತದೆ. ನದಿ ಕಣಿವೆಯನ್ನೇ ಜಾಸ್ತಿ ಕೊರೆದು ಶಿಖರವನ್ನು ಬಿಟ್ಟರೆ, ಸವೆತದಿಂದಲೇ ಶಿಖರ ಇನ್ನಷ್ಟು ಎತ್ತರವಾಗಬಹುದು. ನಂಬಿಕೆ ಬರದಿದ್ದರೆ ಸ್ವೀಡನ್ನಿನ ಕರಾವಳಿ ನೋಡಿ. ಹಿಮಯುಗದ ಭಾರೀ ಮಂಜುಗಡ್ಡೆ ಕರಗಿ ಸಾವಿರಾರು ವರ್ಷವಾದರೂ ಅಲ್ಲಿನ ನೆಲ ಇನ್ನೂ ಏಳುತ್ತಿದೆ, ಕೆಲವೆಡೆ ವರ್ಷಕ್ಕೆ ಸುಮಾರು 9 ಮಿಲಿಮೀಟರ್. ಲೂಲಿಯೊ ಊರಿನ ಬಂದರಿನಲ್ಲಿ ಹೀಗೇ ನೀರಿನ ಆಳ ಕಡಿಮೆಯಾಗುತ್ತಾ ಬಂದು, 1649ರಲ್ಲಿ ಊರನ್ನೇ ಬೇರೆ ಕಡೆಗೆ ಸಾಗಿಸಬೇಕಾಯಿತು.

ಇನ್ನು ಹವಾಮಾನ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ, ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಆ ನೀರು ಸಮುದ್ರ ಸೇರಿದ ಮೇಲೆ ಚಿಪ್ಪುಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ, ಸತ್ತ ಮೇಲೆ ಆ ಚಿಪ್ಪುಗಳೇ ತಳದಲ್ಲಿ ಸುಣ್ಣಕಲ್ಲಾಗುತ್ತವೆ. ಗಾಳಿಯ ಇಂಗಾಲ ಹೀಗೆ ಕಲ್ಲಿನಲ್ಲಿ ಬಂದಿಯಾಗುತ್ತದೆ. ಅದರಲ್ಲಿ ಒಂದಷ್ಟನ್ನು ಜ್ವಾಲಾಮುಖಿಗಳು ವಾಪಸ್ ಗಾಳಿಗೆ ಉಗುಳುತ್ತವೆ. ಬೆಟ್ಟ ಎದ್ದಷ್ಟೂ ಮಳೆಗೆ ಹೊಸ ಕಲ್ಲು ಸಿಗುತ್ತದೆ, ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಇನ್ನಷ್ಟು ಕಡಿಮೆಯಾಗುತ್ತದೆ. ಹಿಮಾಲಯ ಎದ್ದಿದ್ದರಿಂದಲೇ ಭೂಮಿ ತಣ್ಣಗಾಯಿತು ಎನ್ನುವ ವಿಜ್ಞಾನಿಗಳಿದ್ದಾರೆ, ಒಪ್ಪದವರೂ ಇದ್ದಾರೆ.

ಹಾಗಂತ ನಮ್ಮ ಹೊಗೆಯನ್ನೂ ಬೆಟ್ಟಗಳೇ ನೋಡಿಕೊಳ್ಳುತ್ತವೆ ಅಂತ ಸುಮ್ನೆ ಕೂರೋ ಹಾಗಿಲ್ಲ. ಮನುಷ್ಯರು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಎಲ್ಲ ಜ್ವಾಲಾಮುಖಿಗಳದ್ದು ಸೇರಿಸಿದರೂ ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ, ಕಲ್ಲು ಅದನ್ನು ಹೀರಿ ಮುಗಿಸಲು ಲಕ್ಷಾಂತರ ವರ್ಷ ಬೇಕು.

– ಸಂಪಾದಕ