ದುಬೈಗೆ ಹೊರಡುವ ಮೊದಲು ಮರಳುವ ವರ್ಷ ಬರೆದಿಡಿ

ಮುಂಬಯಿ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ ಇದು: "ನನ್ನ ಗಂಡನಿಗೆ ದುಬೈಯ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ತಿಂಗಳಿಗೆ 15,000 ದಿರ್ಹಮ್. ಅದರಲ್ಲಿ ಬೇಸಿಕ್ 6,000. ನವೆಂಬರ್ ಮಧ್ಯದಲ್ಲಿ ಸೇರಬೇಕಂತೆ. ಅವರಿಗೆ 43 ವರ್ಷ. ನಾನು ಸಹಕಾರಿ ಬ್ಯಾಂಕಿನಲ್ಲಿದ್ದೇನೆ. ಫ್ಲ್ಯಾಟಿನ ಸಾಲಕ್ಕೆ ತಿಂಗಳಿಗೆ 38,000 ರೂಪಾಯಿ ಕಂತು ಇದೆ. ಮಗಳು ಎಂಟನೇ ಕ್ಲಾಸು, ಡಾಕ್ಟರ್ ಆಗ್ತೀನಿ ಅಂತಾಳೆ. ಅತ್ತೆಗೆ 74. ಅವರನ್ನು ಹುಬ್ಬಳ್ಳಿಯ ಮೈದುನನ ಮನೆಗೆ ಕಳಿಸಿ, ಫ್ಲ್ಯಾಟ್ ಬಾಡಿಗೆಗೆ ಕೊಟ್ಟು, ನಾವು ಮೂವರೂ ಹೋಗೋಣ ಅಂತ ಯೋಚನೆ. ಏಜೆಂಟ್ ವೀಸಾ ಖರ್ಚಿಗೆ ಅಂತ 80,000 ರೂಪಾಯಿ ಕೇಳಿದ್ದಾರೆ. 'ಟ್ಯಾಕ್ಸೇ ಇಲ್ಲ, ಕಣ್ಣು ಮುಚ್ಕೊಂಡು ಹೋಗಿ' ಅಂತ ಎಲ್ಲರೂ ಹೇಳ್ತಾರೆ. ನೀವೇನು ಹೇಳ್ತೀರಿ?"

ಸಂಪಾದಕರ ಉತ್ತರ:

ಮೊದಲು ಏಜೆಂಟ್ ವಿಷಯ ಮುಗಿಸಿಬಿಡೋಣ. ಆ ದುಡ್ಡು ಕೊಡಬೇಡಿ. ವೀಸಾ ಮತ್ತು ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ, ಅದು ಕಂಪನಿಯ ಹೊಣೆ ಅಂತ ಯುಎಇ ಕಾನೂನೇ ಹೇಳುತ್ತದೆ. ನಮ್ಮ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟ್ ತನ್ನ ಸೇವೆಗೆ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ ತೆಗೆದುಕೊಳ್ಳಬಹುದು. ರಸೀದಿಯನ್ನೂ ಕೊಡಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ಲೈಸೆನ್ಸ್ ನಂಬರ್ ಹಾಕಿ ನೋಡಿ. ಅಲ್ಲಿ ಹೆಸರಿಲ್ಲ ಅಂದರೆ ಅವರ ಜೊತೆ ಮಾತು ಬೆಳೆಸುವುದೇ ಬೇಡ. ಕಂಪನಿಗೆ ನೇರವಾಗಿ ಬರೆಯಿರಿ.

ಈಗ ದೊಡ್ಡ ಪ್ರಶ್ನೆ. ನಿಮ್ಮ ಪತ್ರದಲ್ಲಿ ಹೋಗುವ ಬಗ್ಗೆ ಎರಡು ಪುಟ ಇದೆ. ಬರುವ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಇಡೀ ಉತ್ತರ ಇರುವುದು ಅಲ್ಲೇ.

ನಮ್ಮ ಅಜ್ಜ-ಅಪ್ಪಂದಿರ ಕಾಲದಲ್ಲಿ ಮುಂಬಯಿಯೇ ನಮಗೆ ದುಬೈ ಆಗಿತ್ತು. ಧಾರವಾಡ, ವಿಜಾಪುರ, ದಕ್ಷಿಣ ಕನ್ನಡದಿಂದ ಬಂದವರು ಹೋಟೆಲಿನಲ್ಲಿ ಲೋಟ ತೊಳೆದರು, ಮಿಲ್ಲಿನಲ್ಲಿ ದುಡಿದರು, ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ನಾಲ್ಕು ಕಾಸು ಕೂಡಿಟ್ಟು ಊರಿಗೆ ಮರಳುತ್ತೇವೆ ಅಂದುಕೊಂಡೇ ಬಂದವರು ಅವರೆಲ್ಲ. ಹೆಚ್ಚಿನವರು ಮರಳಲಿಲ್ಲ. ಮುಂಬಯಿ ಅವರನ್ನು ಇರಗೊಟ್ಟಿತು. ಚಾಳಿನ ಖೋಲಿ ಸಿಕ್ಕಿತು, ರೇಷನ್ ಕಾರ್ಡ್ ಸಿಕ್ಕಿತು, ಮಕ್ಕಳು ಇಲ್ಲಿಯವರೇ ಆದರು. ದುಬೈಯಲ್ಲಿ ಹಾಗಲ್ಲ. ಅಲ್ಲಿ ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ, ಕೊಟ್ಟ ಗಡುವಿನೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲ ಹೊರಡಬೇಕು. ಹತ್ತು ವರ್ಷದ ಗೋಲ್ಡನ್ ವೀಸಾ ಅಂತ ಒಂದಿದೆ, ನಿಜ. ನೌಕರಿಯ ಆಧಾರದ ಮೇಲೆ ಅದು ಸಿಗಬೇಕಾದರೆ ನಿಮ್ಮವರ ಸಂಬಳ ಕಡಿಮೆ ಅಂದರೂ ಎರಡು ಪಟ್ಟಾಗಬೇಕು. ಅಂದರೆ ನೀವು ಮರಳಿ ಬರುವುದು ಖಂಡಿತ. ಬರುವ ವರ್ಷ ಯಾವುದು ಅಂತ ಈಗಲೇ ಕೂತು ಬರೆದಿಡಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ.

ಹಾಗೆ ಹಾಕಿದರೆ ಮೊದಲು ಎದುರಾಗುವವಳು ನಿಮ್ಮ ಮಗಳು.

ಅವಳು ಡಾಕ್ಟರ್ ಆಗಬೇಕು ಅಂದಿದ್ದೀರಿ. ಮಹಾರಾಷ್ಟ್ರದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನೂರಕ್ಕೆ 85 ಎಂಬಿಬಿಎಸ್ ಸೀಟು ರಾಜ್ಯದ ಕೋಟಾದಲ್ಲಿವೆ. ಅದಕ್ಕೆ ಡೊಮಿಸೈಲ್ ಸರ್ಟಿಫಿಕೇಟ್ ಒಂದೇ ಸಾಲದು. ಕೆಲವು ವಿನಾಯಿತಿ ಬಿಟ್ಟರೆ, ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮಹಾರಾಷ್ಟ್ರದ ಶಾಲೆ-ಕಾಲೇಜಿನಿಂದಲೇ ಪಾಸಾಗಿರಬೇಕು. ಒಂಬತ್ತನೇ ಕ್ಲಾಸಿಗೆ ಅವಳನ್ನು ದುಬೈಗೆ ಸೇರಿಸಿದಿರಿ ಅಂದರೆ ಆ ಬಾಗಿಲು ಹತ್ತಿರ ಹತ್ತಿರ ಮುಚ್ಚಿದ ಹಾಗೆ. ಆಮೇಲೆ ಉಳಿಯುವುದು ಅಖಿಲ ಭಾರತ ಕೋಟಾದ ನೂರಕ್ಕೆ 15 ಸೀಟಿನ ಪೈಪೋಟಿ, ಇಲ್ಲವೇ ಖಾಸಗಿ ಕಾಲೇಜಿನ ಎನ್‌ಆರ್‌ಐ ಸೀಟು. ಐದು ವರ್ಷ ದುಬೈಯಲ್ಲಿ ಕೂಡಿಟ್ಟ ದುಡ್ಡು ಆ ಒಂದು ಸೀಟಿಗೆ ಹೋಗಿಬಿಡಬಹುದು. ಆಗ ಹೋಗಿದ್ದಾದರೂ ಯಾತಕ್ಕೆ ಅಲ್ವಾ? ಎಂಜಿನಿಯರಿಂಗ್ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅಲ್ಲಿ ತಂದೆ-ತಾಯಿಯ ಡೊಮಿಸೈಲ್ ಮೇಲೂ ರಾಜ್ಯದ ಸೀಟಿಗೆ ಅರ್ಜಿ ಹಾಕಬಹುದು. ಕೊಲ್ಲಿಯಲ್ಲಿ ದುಡಿಯುವವರ ಮಕ್ಕಳಿಗೆ ಅಂತಲೇ ಎನ್‌ಐಟಿಗಳಲ್ಲಿ ಬೇರೆ ಸೀಟುಗಳೂ ಇವೆ. ಅವಳಿಗೇನೋ ಇನ್ನೂ ಹದಿಮೂರು ವರ್ಷ, ಮನಸ್ಸು ಬದಲಾಗಬಹುದು. ಬದಲಾಯಿಸುವುದಾದರೆ ಅವಳೇ ಬದಲಾಯಿಸಲಿ, ನಮ್ಮ ಆತುರಕ್ಕೆ ಅವಳ ದಾರಿ ಮುಚ್ಚಬಾರದು.

ಇನ್ನು 'ಟ್ಯಾಕ್ಸ್ ಇಲ್ಲ' ಅನ್ನುವ ಮಾತು. ದುಬೈಯಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ಸರಿ. ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಆ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವರು ಇಲ್ಲಿನ ನಿವಾಸಿಗಳೇ. ನಿಮ್ಮವರು ನವೆಂಬರ್ ಮಧ್ಯದಲ್ಲಿ ಹೊರಟರೆ ಆ ಗಡಿ ಅಷ್ಟರಲ್ಲೇ ದಾಟಿರುತ್ತದೆ. ನಿವಾಸಿ ಅಂದಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ದುಡಿದದ್ದಕ್ಕೂ ಇಲ್ಲಿ ತೆರಿಗೆ. ಹಾಗಾಗಿ ಮಾರ್ಚ್ 31ರವರೆಗೆ ದುಬೈಯಲ್ಲಿ ಬಂದ ಸಂಬಳವನ್ನೂ ರಿಟರ್ನ್ಸಿನಲ್ಲಿ ತೋರಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಆ ಸಂಬಳಕ್ಕೆ ಅದೇನು ಸಣ್ಣ ಮೊತ್ತವಲ್ಲ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಂಚೆಯೇ ಹೊರಟಿದ್ದರೆ ಲೆಕ್ಕವೇ ಬೇರೆ ಆಗುತ್ತಿತ್ತು. 'ಏಪ್ರಿಲ್‌ನಲ್ಲಿ ಸೇರಬಹುದಾ' ಅಂತ ಕಂಪನಿಯನ್ನು ಕೇಳುವುದರಲ್ಲಿ ತಪ್ಪಿಲ್ಲ. ಒಪ್ಪದಿದ್ದರೆ ಒಬ್ಬ ಒಳ್ಳೆಯ ಸಿಎ ಹತ್ತಿರ ಕೂತು ಮೊದಲೇ ಮೊತ್ತ ತಿಳಿದುಕೊಳ್ಳಿ.

ಸಂಬಳದ ಚೀಟಿಯನ್ನೂ ಬಿಡಿಸಿ ನೋಡೋಣ. ಅಲ್ಲಿ ಹೊರಗಿನಿಂದ ಹೋದವರಿಗೆ ನಮ್ಮಂಥ ಪಿಎಫ್ ಇಲ್ಲ. ಕೆಲಸ ಬಿಡುವಾಗ ಕೈಗೆ ಬರುವುದು ಗ್ರಾಚುಟಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ತುಂಬದಿದ್ದರೆ ಏನೂ ಇಲ್ಲ. ಗಮನಿಸಿ, ಲೆಕ್ಕ ಬೇಸಿಕ್ ಮೇಲೆ, ಒಟ್ಟು ಸಂಬಳದ ಮೇಲಲ್ಲ. 6,000 ಬೇಸಿಕ್ ಆದರೆ ವರ್ಷಕ್ಕೆ 4,200 ದಿರ್ಹಮ್. ಅದೇ 15,000 ಸಂಬಳದಲ್ಲಿ ಬೇಸಿಕ್ 10,000 ಇದ್ದರೆ 7,000. ಐದು ವರ್ಷಕ್ಕೆ 14,000 ದಿರ್ಹಮ್ ವ್ಯತ್ಯಾಸ. ಸಹಿ ಹಾಕುವ ಮೊದಲು ಕೇಳಿದರೆ ಬೇಸಿಕ್ ಏರಿಸುವ ಕಂಪನಿಗಳಿವೆ. ಸಹಿ ಆದಮೇಲೆ ಯಾರೂ ಏರಿಸುವುದಿಲ್ಲ.

ಮನೆ ಬಾಡಿಗೆ ಅಲ್ಲಿ ವರ್ಷದ ಲೆಕ್ಕ. ಮುಂದಿನ ತಾರೀಕಿನ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 60,000 ದಿರ್ಹಮ್ ಅಂತ ಇಟ್ಟುಕೊಳ್ಳಿ. ನಾಲ್ಕು ಚೆಕ್ಕಿಗೆ ಮಾಲೀಕರು ಒಪ್ಪಿದರೆ ಮೊದಲ ಚೆಕ್ 15,000. ಡಿಪಾಸಿಟ್ ಶೇಕಡಾ 5, ಅಂದರೆ 3,000. ದಲ್ಲಾಳಿಗೆ ಇನ್ನೊಂದು 3,000. ಕರೆಂಟು-ನೀರಿನ ಡಿಪಾಸಿಟ್ 2,000. ಮನೆಗೆ ಕಾಲಿಡುವ ಹೊತ್ತಿಗೇ 23,000 ದಿರ್ಹಮ್, ನಮ್ಮ ದುಡ್ಡಿನಲ್ಲಿ ಐದು ಲಕ್ಷದ ಮೇಲೆ. ಮಂಚ, ಫ್ರಿಜ್ಜು, ಗ್ಯಾಸ್ ಒಲೆ ಇನ್ನೂ ಬಂದಿಲ್ಲ. ಮೊದಲ ಸಂಬಳವೂ ಬಂದಿಲ್ಲ. ಇದರ ಮೇಲೆ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕ ಕರೆಂಟ್ ಬಿಲ್ಲಿನ ಜೊತೆ ತಿಂಗಳು ತಿಂಗಳೂ ಬರುತ್ತದೆ.

ಈಗ ತಿಂಗಳ ಲೆಕ್ಕ. 15,000ದಲ್ಲಿ ಬಾಡಿಗೆ ಮತ್ತು ವಸತಿ ಶುಲ್ಕ ಸೇರಿ 5,250 ಹೋಯಿತು. ಇಲ್ಲಿನ ಕಂತಿಗೆ ಸುಮಾರು 1,600 ಕಳಿಸಬೇಕು. ಉಳಿದದ್ದು 8,150. ಅದರಲ್ಲಿ ಶಾಲೆಯ ಫೀಸು, ಶಾಲೆ ಬಸ್ಸು, ದಿನಸಿ, ಓಡಾಟ, ಫೋನು, ನಿಮ್ಮಿಬ್ಬರ ಆರೋಗ್ಯ ವಿಮೆ, ವರ್ಷಕ್ಕೊಮ್ಮೆ ಮೂರು ಟಿಕೆಟ್ಟು. ದುಬೈಯಲ್ಲಿ ಕಂಪನಿ ವಿಮೆ ಮಾಡಿಸಲೇಬೇಕಾದದ್ದು ನೌಕರನಿಗೆ. ಹೆಂಡತಿ-ಮಕ್ಕಳದ್ದನ್ನು ಕಂಪನಿ ಕೊಡದಿದ್ದರೆ ನೌಕರನೇ ಮಾಡಿಸಬೇಕು. ಶಾಲೆಗಳ ಫೀಸನ್ನು ಅಲ್ಲಿನ ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ ಪ್ರಕಟಿಸುತ್ತದೆ, ನೋಡಿ ಬರೆದುಕೊಳ್ಳಿ. ಕೊನೆಗೆ ಎಷ್ಟು ಉಳಿಯಿತು ಅಂತ ನೋಡಿ, ಈಗ ಇಬ್ಬರ ದುಡಿಮೆಯಿಂದ ತಿಂಗಳಿಗೆ ಉಳಿಸುವ ದುಡ್ಡಿನ ಪಕ್ಕ ಇಡಿ. ನಿಮ್ಮ ಸಂಬಳ ನಿಂತಿರುತ್ತದೆ ಅನ್ನುವುದನ್ನು ಮರೆಯಬೇಡಿ. ಗಂಡನ ವೀಸಾದ ಮೇಲೆ ಹೋದವರೂ ಅಲ್ಲಿ ಕೆಲಸ ಮಾಡಬಹುದು, ಆದರೆ ಕೆಲಸ ಕೊಡುವವರು ಸಿಕ್ಕು ಪರ್ಮಿಟ್ ಮಾಡಿಸಿದ ಮೇಲೆ.

ಫ್ಲ್ಯಾಟ್ ಬಾಡಿಗೆಗೆ ಕೊಡುವ ಮಾತು ಬಂತು. ಲೀವ್ ಅಂಡ್ ಲೈಸೆನ್ಸ್ ಕರಾರು ರಿಜಿಸ್ಟರ್ ಆಗಲೇಬೇಕು, ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡಬೇಕು. ಇದು ಡೊಂಬಿವಲಿಯವರಿಗೆ ಗೊತ್ತಿರುವುದೇ. ಮಾಲೀಕರು ವಾಸವಿಲ್ಲದ ಫ್ಲ್ಯಾಟಿಗೆ ಸೊಸೈಟಿ ನಾನ್-ಆಕ್ಯುಪೆನ್ಸಿ ಚಾರ್ಜ್ ಅಂತ ಸರ್ವಿಸ್ ಚಾರ್ಜಿನ ಶೇಕಡಾ 10ಕ್ಕಿಂತ ಜಾಸ್ತಿ ಕೇಳಿದರೆ ಕೊಡಬೇಡಿ. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮಾಲೀಕರು ಎನ್‌ಆರ್‌ಐ ಆದರೆ ಬಾಡಿಗೆದಾರ ಪ್ರತಿ ತಿಂಗಳೂ ಬಾಡಿಗೆಯಲ್ಲಿ ಶೇಕಡಾ 30 ಟಿಡಿಎಸ್ ಮತ್ತು ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಕೇಳಿದ ಕೂಡಲೇ ಅರ್ಧ ಬಾಡಿಗೆದಾರರು ಹಿಂದೆ ಸರಿಯುತ್ತಾರೆ. ಹಿಡಿದ ದುಡ್ಡು ಹೆಚ್ಚಾಗಿದ್ದರೆ ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಆದರೆ ಕಂತು ಅದಕ್ಕೆ ಕಾಯುವುದಿಲ್ಲ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅವರನ್ನು ಎಲ್ಲಿಗೆ ಕಳಿಸುವುದು ಅಂತ ಬರೆದಿದ್ದೀರಿ. ಅವರು ಏನು ಹೇಳಿದರು ಅಂತ ಎಲ್ಲೂ ಬರೆದಿಲ್ಲ. ಅವರನ್ನು ಕೇಳಿದ್ದೀರಾ? ಹುಬ್ಬಳ್ಳಿ ಅವರ ಊರೇ ಇರಬಹುದು. ಆದರೆ ಅವರ ಡಾಕ್ಟರ್, ಸಂಜೆಯ ಭಜನೆ, ಪಕ್ಕದ ಮನೆಯ ಗೆಳತಿ, ಮೊಮ್ಮಗಳು, ಎಲ್ಲ ಇರುವುದು ಡೊಂಬಿವಲಿಯಲ್ಲಿ. ಎಪ್ಪತ್ತನಾಲ್ಕರಲ್ಲಿ ಮನೆ ಬದಲಾಯಿಸುವುದು ಅಂದರೆ ಸುಮ್ನೆ ಮಾತಲ್ಲ. ಅವರ ಕೋಣೆಯಲ್ಲಿ ಕೂತು, ಟಿವಿ ಆರಿಸಿ, ಮಗನೇ ಕೇಳಲಿ. ಅವರು ಹೇಳಿದ್ದು ನಿಮ್ಮ ಲೆಕ್ಕದ ಹಾಳೆಯಲ್ಲಿ ಸಂಬಳಕ್ಕಿಂತ ಮೇಲೆ ಬರಬೇಕು. ನೀವು ಹೋದರೂ ಬಿಟ್ಟರೂ, ಅವರ ಆಯುಷ್ಮಾನ್ ಕಾರ್ಡ್ ಮಾತ್ರ ಈಗಲೇ ಮಾಡಿಸಿ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ 2024ರಿಂದ ಈ ಸೌಲಭ್ಯ ಇದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮವರು ಒಬ್ಬರೇ ಹೋಗಲಿ. ನೀವು ಕೆಲಸ ಬಿಡಬೇಡಿ. ಅತ್ತೆ ತಮ್ಮ ಮನೆಯಲ್ಲೇ ಇರಲಿ. ಮಗಳು ಹತ್ತನೆಯದನ್ನು ಇಲ್ಲೇ ಮುಗಿಸಲಿ. ಅಲ್ಲಿ ಪ್ರೊಬೇಷನ್ ಆರು ತಿಂಗಳವರೆಗೂ ಇರಬಹುದು. ಆ ಅವಧಿಯಲ್ಲಿ 14 ದಿನದ ನೋಟಿಸ್ ಕೊಟ್ಟು ಕಂಪನಿ ಮನೆಗೆ ಕಳಿಸಬಹುದು. ಅಷ್ಟರಲ್ಲಿ ನೀವು ರಾಜೀನಾಮೆ ಕೊಟ್ಟು, ಮಗಳ ಟಿಸಿ ತೆಗೆದು, ಮನೆಗೆ ಬಾಡಿಗೆದಾರರನ್ನು ಕೂರಿಸಿದ್ದರೆ ಎಲ್ಲಿಗೆ ಮರಳುತ್ತೀರಿ? ಒಬ್ಬರೇ ಇದ್ದರೆ ಅವರು ಶೇರಿಂಗ್ ರೂಮಿನಲ್ಲಿ ಇರಬಹುದು, ಸಾಲ ಬೇಗ ತೀರಿಸಬಹುದು. ಮಗಳ ಹತ್ತನೆಯ ರಿಸಲ್ಟ್ ಬಂದ ವಾರ ಮತ್ತೆ ಮೂವರೂ ಕೂತು ಮಾತಾಡಿ. ಇನ್ನೂ ಡಾಕ್ಟರೇ ಆಗ್ತೀನಿ ಅಂದರೆ ಹನ್ನೆರಡನೆಯದು ಮುಗಿಯುವವರೆಗೆ ಇದೇ ಏರ್ಪಾಡು. ಅವಳು ಕಾಲೇಜಿಗೆ ಸೇರುವ ವರ್ಷವೇ ಅವರು ಮರಳುವ ವರ್ಷ.

ಇದಕ್ಕೂ ಬೆಲೆ ಇದೆ, ಗೊತ್ತು. ಹದಿಹರೆಯದ ಮಗಳ ಜೊತೆ ಅಪ್ಪ ಇರುವುದಿಲ್ಲ. ಅತ್ತೆಗೆ ರಾತ್ರಿ ಜ್ವರ ಬಂದರೆ ರಿಕ್ಷಾ ಹಿಡಿಯುವವರು ನೀವೊಬ್ಬರೇ. ವಾಟ್ಸ್ಯಾಪ್ ಕಾಲ್ ಕೂಡ ಅಲ್ಲಿ ನಡೆಯುವುದಿಲ್ಲ, ಅಲ್ಲಿನ ಅನುಮತಿ ಇರುವ ಆ್ಯಪ್ ಹಾಕಿಕೊಳ್ಳಬೇಕು. ಆದರೆ ದುಬೈ ಮೂರು ಗಂಟೆಯ ವಿಮಾನ, ವರ್ಷಕ್ಕೆ 30 ದಿನದ ರಜೆ ಕಾನೂನಿನಲ್ಲೇ ಇದೆ. ಆ ರಜೆಯನ್ನು ಎರಡು ಭಾಗ ಮಾಡಿ, ಒಂದನ್ನು ಮಗಳ ಪರೀಕ್ಷೆಯ ಹೊತ್ತಿಗೆ ಇಟ್ಟುಕೊಳ್ಳಲಿ.

ಹೊರಡುವ ಮುಂಚೆ ಕೆಲವು ಕೆಲಸ ಇಲ್ಲೇ ಮುಗಿಸಿ. ಎದೆಯ ಎಕ್ಸ್‌ರೇ ತೆಗೆಸಿ. ಅಲ್ಲಿ ವೀಸಾ ಕೊಡುವ ಮುಂಚೆ ಟಿಬಿ ಪರೀಕ್ಷೆ ಇದೆ, ಶ್ವಾಸಕೋಶದಲ್ಲಿ ಹಳೆಯ ಕಲೆ ಇದ್ದರೂ ತೊಂದರೆ ಆಗಬಹುದು. ಡಿಗ್ರಿ ಧಾರವಾಡದ್ದಾಗಿದ್ದರೆ ಅದರ ದೃಢೀಕರಣ ಕರ್ನಾಟಕ ಸರ್ಕಾರದಿಂದ ಶುರುವಾಗುತ್ತದೆ, ಮುಂಬಯಿಯ ಮಂತ್ರಾಲಯಕ್ಕೆ, ಅಂದರೆ ಮಹಾರಾಷ್ಟ್ರದ ಸಚಿವಾಲಯಕ್ಕೆ, ಅಲೆದು ಪ್ರಯೋಜನವಿಲ್ಲ. ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಯುಎಇ ಕಾನ್ಸುಲೇಟ್. ಬ್ಯಾಂಕಿಗೆ ತಿಳಿಸಿ ಅವರ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಎನ್‌ಆರ್‌ಐಗಳ ಇಲ್ಲಿನ ಆದಾಯಕ್ಕೆ ಇರುವ ಖಾತೆ) ಮಾಡಿಸಿ, ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ. ಪಿಪಿಎಫ್ ಇದ್ದರೆ 15 ವರ್ಷ ತುಂಬುವವರೆಗೆ ಮುಂದುವರಿಸಬಹುದು, ಆಮೇಲೆ ವಿಸ್ತರಣೆ ಇಲ್ಲ. ಫ್ಲ್ಯಾಟು, ಸಾಲ, ಸೊಸೈಟಿ ಕೆಲಸಕ್ಕೆ ನಿಮ್ಮ ಹೆಸರಿಗೆ ಪವರ್ ಆಫ್ ಅಟಾರ್ನಿ ಇಲ್ಲೇ ಮಾಡಿಸಿಕೊಳ್ಳಿ. ಒಟಿಪಿ ಬರುವ ಸಿಮ್ ಬಂದ್ ಆಗದ ಹಾಗೆ ನೋಡಿಕೊಳ್ಳಿ.

ಕಂಪನಿಗೆ ಈ ವಾರವೇ ಮೂರು ಪ್ರಶ್ನೆ ಬರೆದು ಕಳಿಸಿ. ಬೇಸಿಕ್ ಎಷ್ಟು ಏರಿಸುತ್ತೀರಿ, ವೀಸಾ ಖರ್ಚು ನಿಮ್ಮದೇ ತಾನೆ, ಏಪ್ರಿಲ್‌ನಲ್ಲಿ ಸೇರಬಹುದಾ. ಉತ್ತರ ಬಂದಮೇಲೆ ಆಫರ್ ಲೆಟರಿನ ಪ್ರತಿಯ ಜೊತೆ ನಮಗೆ ಇನ್ನೊಮ್ಮೆ ಬರೆಯಿರಿ. ಸಹಿ ಹಾಕುವ ಮೊದಲು ಸಾಲು ಸಾಲಾಗಿ ಓದಿ ನೋಡೋಣ.

— ಸಂಪಾದಕ