ಕಾಡು ಹೊಗೆಸೊಪ್ಪಿನ ಆಲ್ಕಲಾಯ್ಡ್‌ಗಳು

ಪ್ರಶ್ನೆ: ಕಾಡು ಹೊಗೆಸೊಪ್ಪಿನ ಗಿಡಗಳಲ್ಲಿರುವುದೂ ನಿಕೋಟಿನ್ನೇ? ಅದನ್ನು ಗುರುತಿಸುವುದು ಹೇಗೆ?

ಉತ್ತರ: ಎಲ್ಲದರಲ್ಲೂ ಅಲ್ಲ. ದಕ್ಷಿಣ ಅಮೆರಿಕದಿಂದ ಬಂದು ಈಗ ಅನೇಕ ಒಣನಾಡುಗಳ ರಸ್ತೆಬದಿಯಲ್ಲಿ ಬೆಳೆಯುವ, ನೀಲಿಬೂದು ಬಣ್ಣದ ನುಣುಪು ಎಲೆಗಳ, ಕೊಳವೆಯಂಥ ಹಳದಿ ಹೂಗಳ ನಿಕೋಟಿಯಾನ ಗ್ಲಾಕದಲ್ಲಿ ಪ್ರಧಾನವಾಗಿರುವುದು ಅನಬಾಸಿನ್ ಎಂಬ, ನಿಕೋಟಿನ್‌ನಂಥದೇ ಇನ್ನೊಂದು ಆಲ್ಕಲಾಯ್ಡ್ (ಗಿಡಗಳು ತಯಾರಿಸುವ ಸಾರಜನಕಯುಕ್ತ ರಾಸಾಯನಿಕ). ತೊಡಕು ಇರುವುದು ಇಲ್ಲಿಯೇ: 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಶುದ್ಧರೂಪದಲ್ಲಿ ಬೇರ್ಪಡಿಸಿದ ನಿಕೋಟಿನ್‌ಗೂ ಈ ಅನಬಾಸಿನ್‌ಗೂ ಅಣುಸೂತ್ರ ಒಂದೇ, ಎರಡರಲ್ಲೂ 10 ಇಂಗಾಲ, 14 ಜಲಜನಕ, 2 ಸಾರಜನಕದ ಪರಮಾಣುಗಳಿದ್ದು, ಅಣುತೂಕ 162. ತೂಕವನ್ನಷ್ಟೇ ನೋಡಿ ಹೆಸರಿಟ್ಟರೆ ಮೋಸಹೋಗುತ್ತೇವೆ. ಎಲೆಯ ಸಾರವನ್ನು ಗ್ಯಾಸ್ ಕ್ರೊಮಟೋಗ್ರಫಿ (ಮಿಶ್ರಣವನ್ನು ಆವಿಯಾಗಿಸಿ ಅದರ ಘಟಕಗಳನ್ನು ಬೇರ್ಪಡಿಸುವ) ಯಂತ್ರದ ಕೊಳವೆಯಲ್ಲಿ ಹಾಯಿಸಿದಾಗ ಅವೆರಡೂ ಬೇರೆಬೇರೆ ಹೊತ್ತಿಗೆ ಹೊರಬರುತ್ತವೆ. ಆ ಸಮಯವನ್ನೂ, ಅಣುಗಳನ್ನು ಒಡೆದು ತೂಗುವ ಜೋಡಿಯಂತ್ರದಲ್ಲಿ ಸಿಗುವ ಅಣುಚೂರುಗಳ ತೂಕವನ್ನೂ ಶುದ್ಧ ಮಾದರಿಯೊಂದಿಗೆ ಹೋಲಿಸಿಯೇ ನಿರ್ಧರಿಸಬೇಕು. ಈ ಎಲೆಯನ್ನು ಸೊಪ್ಪೆಂದು ಬೇಯಿಸಿ ತಿಂದವರು ಸತ್ತದ್ದುಂಟು. ದಯವಿಟ್ಟು ರುಚಿ ನೋಡಿ ಗುರುತಿಸಲು ಹೋಗಬೇಡಿ.